ಮೂರು ವರ್ಷದ ಹಿಂದೆ ನಾನೇ ತೂತು ಕೊರೆದ ಅಕ್ವೇರಿಯಂ: 45 ಎಂಎಂ ಡೈಮಂಡ್ ಬಿಟ್ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ, ಬಿಟ್ (ಡ್ರಿಲ್ ಮಷಿನ್‌ಗೆ ಸಿಕ್ಕಿಸುವ, ಅಂಚಿಗೆ ವಜ್ರದ ಪುಡಿ ಲೇಪಿಸಿದ ಬಳೆಯಾಕಾರದ ಕೊರೆಯುವ ತುದಿ) ಚೆನ್ನಾಗಿದೆ. ಎಡವಟ್ಟು ಮಾಡಿಕೊಂಡಿದ್ದು ನಾನು.

ನಮ್ಮದು ಮೈಸೂರು. ಹಾಲ್‌ನಲ್ಲಿ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕ್ ಇದೆ, 12 ಎಂಎಂ ಗಾಜು, ಗೋಲ್ಡ್ ಫಿಶ್ ಸಾಕಿದ್ದೇನೆ. ಗೋಲ್ಡ್ ಫಿಶ್ ಸಾಕಿದವರಿಗೆ ಗೊತ್ತು, ತಿನ್ನೋದೂ ಜಾಸ್ತಿ, ಗಲೀಜು ಮಾಡೋದೂ ಜಾಸ್ತಿ. ಮೇಲಿನ ಫಿಲ್ಟರ್ ಸಾಲಲಿಲ್ಲ. ಕೆಳಗೆ ಸಂಪ್, ಅಂದರೆ ನೀರು ಸೋಸುವ ಇನ್ನೊಂದು ಟ್ಯಾಂಕ್ ಇಡೋಣ, ಅದಕ್ಕೆ ಹಿಂದಿನ ಗಾಜಿನಲ್ಲಿ ಮೂರು ತೂತು ಕೊರೆಯೋಣ ಅಂತ ಹೊರಟೆ. ಸಂಪಿಗೆ ನೀರು ಇಳಿಯೋಕೆ ಎರಡು, ಪಂಪ್‌ನಿಂದ ವಾಪಸ್ ಬರೋಕೆ ಒಂದು. ಗಾಜಿನ ಅಂಗಡಿಯವರು "ತುಂಬಿದ ಟ್ಯಾಂಕ್ ಆದ್ರೆ ನಾವು ಕೈ ಹಾಕಲ್ಲ, ಖಾಲಿ ಮಾಡಿ ತನ್ನಿ" ಅಂದರು. ಖಾಲಿ ಟ್ಯಾಂಕೇ 90 ಕೆಜಿ ಹತ್ತಿರ ತೂಗುತ್ತೆ ಸ್ವಾಮಿ, ಎಲ್ಲಿಗೆ ಹೊರೋದು?

ಕೊರೆಯೋ ಮುಂಚೆ ಮಾಡಲೇಬೇಕಾದ ಕೆಲಸ ಒಂದಿದೆ. ಗಾಜು ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ್ದು) ಹೌದೋ ಅಲ್ಲವೋ ನೋಡಿಕೊಳ್ಳಿ. ಟಫನ್ಡ್ ಗಾಜಿನ ಹೊರಮೈ ಬಿಗಿಯಾಗಿ ಒತ್ತಿಕೊಂಡಿರುತ್ತೆ, ಒಳಭಾಗ ಎಳೆದುಕೊಂಡಿರುತ್ತೆ, ಬಿಟ್ ಒಳಗೆ ಇಳಿದರೆ ಇಡೀ ಹಾಳೆ ಪುಡಿಪುಡಿ. ಲ್ಯಾಪ್‌ಟಾಪ್‌ನಲ್ಲಿ ಬಿಳಿ ಸ್ಕ್ರೀನ್ ಹಾಕಿ ಗಾಜಿನ ಹಿಂದೆ ಇಡಿ, ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು, ಸ್ಕ್ರೀನ್ ಕಪ್ಪಾಗಿ ಕಾಣುವಷ್ಟು ತಲೆ ವಾಲಿಸಿ ನೋಡಿ. ಗಾಜಿನಲ್ಲಿ ಮಚ್ಚೆ ಅಥವಾ ಪಟ್ಟೆ ಕಂಡರೆ ಡ್ರಿಲ್ ಮಷಿನ್ ಎತ್ತಿಡಿ. ನನ್ನದರಲ್ಲಿ ಏನೂ ಕಾಣಲಿಲ್ಲ, ಮಾಮೂಲಿ ಗಾಜು.

ಇನ್ನು ಬಿಟ್. ಒಡೆದ ಹಳೇ ಟ್ಯಾಂಕಿನ ಗಾಜಿನಲ್ಲಿ ಎರಡು ತೂತು ಕೊರೆದು ಕೈ ಪಳಗಿಸಿಕೊಂಡೆ, ಆಮೇಲೆ ನಿಜವಾದ ಮೂರು. ಈ ಬಿಟ್‌ಗೆ ನಡುವೆ ಜಾರದಂತೆ ಹಿಡಿದಿಡುವ ಪೈಲಟ್ ಬಿಟ್ ಇರಲ್ಲ, ಸುಮ್ನೆ ಇಟ್ಟು ತಿರುಗಿಸಿದರೆ ಜಾರಿಕೊಂಡು ಗೀರು ಹಾಕುತ್ತೆ. ಅದಕ್ಕೆ ಪ್ಲೈವುಡ್ ತುಂಡಿನಲ್ಲಿ ಅದೇ ಅಳತೆಯ ತೂತು ಮಾಡಿ ಗಾಜಿನ ಮೇಲೆ ಕ್ಲ್ಯಾಂಪ್ ಹಾಕಿದೆ. ಟ್ಯಾಂಕನ್ನು ಮುಂದಿನ ಗಾಜು ಕೆಳಗೆ ಬರುವ ಹಾಗೆ ಮಲಗಿಸಿ, ಒಳಗೆ ಹಳೇ ರಗ್ಗು ಹಾಸಿದ್ದೆ, ಕೊರೆದ ಬಿಲ್ಲೆ ಎರಡು ಅಡಿ ಕೆಳಗೆ ಬಿದ್ದು ಮುಂದಿನ ಗಾಜು ಒಡೆದರೆ ಕಥೆ ಮುಗೀತು ಅಲ್ವಾ. ಗೀರು ಮೂಡಿದ ಮೇಲೆ ಪ್ಲೈವುಡ್ ತೆಗೆದು, ಅಮ್ಮ ಕಲಸಿಟ್ಟಿದ್ದ ಚಪಾತಿ ಹಿಟ್ಟಿನಲ್ಲಿ ಸುತ್ತ ಕಟ್ಟೆ ಕಟ್ಟಿ, ಬಿಟ್ ಕಾಯದ ಹಾಗೆ, ಗಾಜಿನ ಪುಡಿ ಹಾರದ ಹಾಗೆ ನೀರು ತುಂಬಿಸಿದೆ. ಬೈಸಿಕೊಂಡಿದ್ದೂ ಆಯ್ತು. ಬ್ಯಾಟರಿ ಡ್ರಿಲ್, ಕಡಿಮೆ ಸ್ಪೀಡು, ಮಷಿನ್ ಭಾರ ಬಿಟ್ಟರೆ ಕೈಯಿಂದ ಒತ್ತೋದೇ ಇಲ್ಲ. ಮೊದಲ ತೂತಿಗೆ 15 ನಿಮಿಷ ಹಿಡಿಯಿತು, ಐದನೆಯದಕ್ಕೆ ಅರ್ಧ ಗಂಟೆ. ಅಂದರೆ ವಜ್ರದ ಲೇಪ ಸವೆಯುತ್ತೆ, ಒಂದೇ ಬಿಟ್‌ನಲ್ಲಿ ಊರಿಗೆಲ್ಲ ತೂತು ಕೊರೆಯೋಕಾಗಲ್ಲ. ಅಂಚಿನಲ್ಲಿ ಚೂರು ಎದ್ದಿದ್ದು ಒಂದು ಕಡೆ ಮಾತ್ರ, ಹಿಂಬದಿಗೆ ಟೇಪ್ ಅಂಟಿಸೋದು ಮರೆತ ಕಡೆ.

ಮೊದಲ ಎಡವಟ್ಟು ವಾಷರ್‌ದು. ಪ್ಲಂಬಿಂಗ್ ಅಂಗಡಿಯಲ್ಲಿ ಸಿಗುವ ಒಂದಿಂಚಿನ ಟ್ಯಾಂಕ್ ನಿಪ್ಪಲ್ (ತೂತಿಗೆ ಪೈಪ್ ಜೋಡಿಸುವ ಫಿಟ್ಟಿಂಗ್) ಹಾಕಿದೆ. ಎಲ್ಲ ಕಂಪನಿಯದೂ ಒಂದೇ ಅಳತೆ ಇರಲ್ಲ, ಮೊದಲು ನಿಪ್ಪಲ್ ಕೊಂಡು ಅಳೆದು ಆಮೇಲೆ ಬಿಟ್ ತಗೊಳ್ಳಿ. ರಬ್ಬರ್ ವಾಷರ್ ಒಳಗಡೆ, ನಿಪ್ಪಲ್ ತಲೆಯ ಕೆಳಗೆ ಕೂರಬೇಕು. ನಾನು ಒಂದಕ್ಕೆ ಹೊರಗೆ ನಟ್ ಕಡೆ ಹಾಕಿ ಸ್ಪ್ಯಾನರ್‌ನಲ್ಲಿ ಬಿಗಿದೆ. ನಟ್ ತಿರುಗುವಾಗ ವಾಷರ್ ಮಡಚಿಕೊಂಡಿದೆ. ನೀರು ಜಿನುಗುತ್ತಿದೆ ಅಂತ ಒಂದು ವರ್ಷ ಗೊತ್ತೇ ಆಗಲಿಲ್ಲ, ಆಮೇಲೆ ನಿಪ್ಪಲ್ ಸುತ್ತ ಬಿಳಿ ಪೊರೆ ಕಟ್ಟೋಕೆ ಶುರುವಾಯಿತು, ನಮ್ಮ ಬೋರ್ ನೀರಿನ ಗಡಸು. ತೂತು ಮೇಲ್ಗಡೆ ಇದ್ದಿದ್ದಕ್ಕೆ ಬಚಾವ್, ಸ್ವಲ್ಪ ನೀರು ಇಳಿಸಿ ಸರಿ ಮಾಡಿದೆ. ಉಳಿದ ಎರಡು ಕೈಯಲ್ಲಿ ಬಿಗಿದು ಕಾಲು ಸುತ್ತು ಹೆಚ್ಚಿಗೆ ತಿರುಗಿಸಿದ್ದು ಅಷ್ಟೇ, ಇವತ್ತಿಗೂ ಒಂದು ಹನಿ ಇಲ್ಲ.

ಎರಡನೆಯದು ಇನ್ನೂ ದೊಡ್ಡದು. ವಾಪಸ್ ಬರುವ ತೂತನ್ನು ಅಂಚಿನಿಂದ ದೂರ ಇರಲಿ ಅಂತ ನೀರಿನ ಮಟ್ಟಕ್ಕಿಂತ 4 ಇಂಚು ಕೆಳಗೆ ಕೊರೆದಿದ್ದೆ. ಗಾಜಿಗೆ ಅದು ಒಳ್ಳೆಯದೇ. ಆದರೆ ಕರೆಂಟ್ ಹೋದಾಗ ಪಂಪ್ ನಿಂತು, ಅದೇ ಪೈಪಿನಲ್ಲಿ ನೀರು ಉಲ್ಟಾ ಸಂಪಿಗೆ ಇಳಿಯುತ್ತೆ, ಪೈಪಿನ ಬಾಯಿಗೆ ಗಾಳಿ ಸಿಗೋವರೆಗೂ. ನನ್ನ ಅಳತೆಯ ಟ್ಯಾಂಕಿನಲ್ಲಿ ಒಂದು ಇಂಚು ಅಂದರೆ ಸುಮಾರು 19 ಲೀಟರ್. 4 ಇಂಚಿಗೆ 76. ಸಂಪಿನಲ್ಲಿ ಇದ್ದ ಜಾಗ 40. ಲೆಕ್ಕ ರಾತ್ರಿ ಎರಡು ಗಂಟೆಗೆ ಹಾಲ್‌ನ ನೆಲದ ಮೇಲೆ ಸಿಕ್ಕಿತು. ನೀರು ಉಲ್ಟಾ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಇತ್ತು, ಆದರೆ ಅದರೊಳಗೆ ಬಸವನಹುಳು ಸಿಕ್ಕಿಕೊಂಡು ಬಾಯಿ ಮುಚ್ಚಿರಲಿಲ್ಲ. ಈಗ ಒಳಗಡೆ ಎಲ್ಬೋ (ಬಾಗಿದ ಪೈಪ್ ತುಂಡು) ಹಾಕಿ ಪೈಪಿನ ಬಾಯನ್ನು ನೀರಿನ ಮಟ್ಟದಿಂದ ಅರ್ಧ ಇಂಚು ಕೆಳಗೆ ತಂದಿದ್ದೇನೆ. ಚೆಕ್ ವಾಲ್ವ್ ಕಿತ್ತು ಬಿಸಾಕಿದೆ.

ಸದ್ದಿನ ವಿಷಯ. ಮೊದಲ ತಿಂಗಳು ಗುಳುಗುಳು ಅಂತ ಬಾತ್‌ರೂಂ ಥರ ಸದ್ದು. ಇಳಿಯುವ ಎರಡರಲ್ಲಿ ಒಂದು ಪೈಪಿಗೆ ವಾಲ್ವ್ ಹಾಕಿ, ಗಾಳಿ ಸೇರದ ಹಾಗೆ ಪೂರ್ತಿ ನೀರು ತುಂಬಿ ಹರಿಯುವಷ್ಟು ತಿರುಗಿಸಿಟ್ಟೆ, ಇನ್ನೊಂದಕ್ಕೆ ಮೇಲ್ಮುಖ ಎಲ್ಬೋ ಹಾಕಿ, ಮೊದಲನೆಯದು ಕಟ್ಟಿಕೊಂಡರೆ ಆಸರೆಗೆ ಇರಲಿ ಅಂತ ಬಿಟ್ಟೆ. ಈಗ ಫ್ಯಾನ್ ಸದ್ದೇ ಜಾಸ್ತಿ. ಇಳಿಯೋಕೆ ಒಂದಿಂಚು ಸಾಲದು, ಇನ್ನೊಮ್ಮೆ ಮಾಡಿದರೆ ಒಂದೂವರೆ ಇಂಚಿನದೇ ಹಾಕೋದು.

ಬಿಟ್‌ಗೆ 5ಕ್ಕೆ 4. ಒಂದು ಸ್ಟಾರ್ ಕಟ್ ಯಾಕೆಂದರೆ ಪೊಟ್ಟಣದಲ್ಲಿ ಒಂದು ಸಾಲಿನ ಸೂಚನೆಯೂ ಇಲ್ಲ, ಮೇಲಿನ ಫೋಟೋದಲ್ಲಿ ಒಬ್ಬ ಒಣ ಗಾಜನ್ನೇ ಕೊರೆಯುತ್ತಿದ್ದಾನೆ, ಮುಖಕ್ಕೆ ಮಾಸ್ಕ್ ಕೂಡ ಇಲ್ಲ.