ಬಿಎಂಡಬ್ಲ್ಯೂ ಎಂ6 (ಇ63): ಸೆಕೆಂಡ್ ಹ್ಯಾಂಡ್ ಕೊಂಡು ಐದು ವರ್ಷ, 31 ಸಾವಿರ ಕಿಲೋಮೀಟರ್ ಆದಮೇಲೆ

ನನ್ನ ಹತ್ತಿರ ಇರುವುದು 2007ರ ಎಂ6 ಕೂಪೆ, ಅಂದರೆ ಎರಡು ಬಾಗಿಲಿನದು. 2019ರ ಮಾರ್ಚ್‌ನಲ್ಲಿ ಮ್ಯೂನಿಕ್ ಹತ್ತಿರದ ಒಂದು ಊರಿನಲ್ಲಿ ಅದರ ಎರಡನೇ ಮಾಲೀಕರಿಂದ ಕೊಂಡೆ. ಆಗ 1,08,000 ಕಿ.ಮೀ. ಓಡಿತ್ತು. ಕೊಟ್ಟಿದ್ದು 23,500 ಯೂರೋ. ಹೊಸದಾಗಿದ್ದಾಗ ಇದೇ ಗಾಡಿಯ ಬೆಲೆ ಒಂದು ಲಕ್ಷ ಯೂರೋ ದಾಟಿತ್ತು. ಈಗ ಮೀಟರ್ 1,39,000ಕ್ಕೆ ಬಂದು ನಿಂತಿದೆ.

ಕೆಲಸಕ್ಕೆ ಅಂತ ಜರ್ಮನಿಗೆ ಬರುವ ನಮ್ಮ ಹುಡುಗರು ಈ ಗಾಡಿ ನೋಡಿದ ಕೂಡಲೇ ಕೇಳುವ ಪ್ರಶ್ನೆ ಒಂದೇ: "ಅಣ್ಣಾ, ಒಂದು ಹೊಸ ಸಣ್ಣ ಕಾರಿನ ದುಡ್ಡಿಗೆ ವಿ10 ಸಿಗುತ್ತೆ ಅಂದ್ರೆ ತಗೊಂಡುಬಿಡಲಾ?" ತಗೋಬಹುದು. ಆದರೆ ಗಾಡಿಗೆ ಕೊಡುವ ದುಡ್ಡಿನ ಜೊತೆ ಇನ್ನೂ 6,000 ಯೂರೋ ಪಕ್ಕದಲ್ಲಿ ಇಟ್ಟುಕೊಂಡಿರಬೇಕು. ಜೊತೆಗೆ ಎಂಜಿನ್ ಎಣ್ಣೆ ಬದಲಾಯಿಸಿದ ಲೆಕ್ಕ ಇಲ್ಲದ ಗಾಡಿಯನ್ನು ಮುಟ್ಟಲೇಬಾರದು. ಈ ಎಣ್ಣೆಯ ವಿಷಯವೇ ಮುಖ್ಯ. ಅದಕ್ಕೆ ಬರುತ್ತೇನೆ.

ಮೊದಲು ಎಂಜಿನ್ ಬಗ್ಗೆ ಹೇಳಲೇಬೇಕು. ಐದು ಲೀಟರ್, ಹತ್ತು ಸಿಲಿಂಡರ್ (ವಿ10 ಅನ್ನುವುದು ಇದಕ್ಕೇ), 507 ಪಿಎಸ್ ಅಂದರೆ ಅಶ್ವಶಕ್ತಿ. ಟರ್ಬೋ ಇಲ್ಲ. ಪ್ರತಿ ಸಿಲಿಂಡರ್‌ಗೂ ಬೇರೆ ಬೇರೆ ಥ್ರಾಟಲ್, ಅಂದರೆ ಗಾಳಿ ಬಿಡುವ ಕವಾಟ. ಕೆಂಪು ಗೆರೆ, ಅಂದರೆ ಎಂಜಿನ್ ಮೀರಬಾರದ ಮಿತಿ, 8,250 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು). 2005 ಮತ್ತು 2006, ಎರಡೂ ವರ್ಷ ಅಂತಾರಾಷ್ಟ್ರೀಯ 'ವರ್ಷದ ಎಂಜಿನ್' ಪ್ರಶಸ್ತಿ ಇದಕ್ಕೇ ಬಂತು. ಕಾಗದದ ಮೇಲೆ ಟಾರ್ಕ್, ಅಂದರೆ ತಿರುಗಿಸುವ ಬಲ, 520 ನ್ಯೂಟನ್ ಮೀಟರ್. ಆದರೆ ಅದು ಪೂರ್ತಿ ಸಿಗುವುದು 6,100 ಆರ್‌ಪಿಎಂನಲ್ಲಿ. ಹಾಗಾಗಿ ಊರೊಳಗೆ ಓಡಿಸಿ ನೋಡಿದವರು "ಇಷ್ಟೇನಾ?" ಅಂತ ಕೇಳುತ್ತಾರೆ. ಅದರಲ್ಲೂ ಪ್ರತಿ ಸಲ ಸ್ಟಾರ್ಟ್ ಮಾಡಿದಾಗ ಇದು 400 ಪಿಎಸ್ ಮೋಡ್‌ನಲ್ಲೇ ಎದ್ದೇಳುತ್ತದೆ. ಪೂರ್ತಿ ಬಲ ಬೇಕಾದರೆ ಒಂದು ಬಟನ್ ಒತ್ತಬೇಕು. ಗಾರ್ಮಿಶ್ ಕಡೆಗೆ ಹೋಗುವ ಎ95 ಹೆದ್ದಾರಿಯಲ್ಲಿ, ಮಿತಿ ಇಲ್ಲದ ಕಡೆ, ಮೂರನೇ ಗೇರ್‌ನಲ್ಲಿ ಮುಳ್ಳು 6,000 ದಾಟಿದಾಗ ಬರುವ ಆ ಸದ್ದು ಇದೆಯಲ್ಲ, ಅದಕ್ಕಾಗಿಯೇ ನಾನು ಈ ಗಾಡಿ ಕೊಂಡಿದ್ದು. ಐದು ವರ್ಷ ಆದರೂ ಅದನ್ನು ಕೇಳಿದಾಗ ಮೈ ಜುಂ ಅನ್ನುತ್ತದೆ.

ಗೇರ್‌ಬಾಕ್ಸ್ ವಿಷಯದಲ್ಲಿ ಜನರಿಗೆ ತಪ್ಪು ತಿಳುವಳಿಕೆ ಜಾಸ್ತಿ. ಇದು ಆಟೋಮ್ಯಾಟಿಕ್ ಅಲ್ಲ. ಏಳು ಗೇರಿನ ಮ್ಯಾನುವಲ್ ಡಬ್ಬಕ್ಕೆ ಹೈಡ್ರಾಲಿಕ್ ಪಂಪ್ ಕೂರಿಸಿ, ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸವನ್ನು ಅದಕ್ಕೆ ಕೊಟ್ಟಿದ್ದಾರೆ ಅಷ್ಟೇ. ಪಾರ್ಕ್ ಅನ್ನುವ ಸ್ಥಾನವೇ ಇಲ್ಲ. ಗೇರ್‌ನಲ್ಲಿ ಬಿಟ್ಟು ಹ್ಯಾಂಡ್ ಬ್ರೇಕ್ ಎಳೆಯಬೇಕು. ಬ್ರೇಕ್ ಬಿಟ್ಟರೆ ತಾನಾಗಿ ಮುಂದೆ ತೆವಳುವುದೂ ಇಲ್ಲ. ಟ್ರಾಫಿಕ್‌ನಲ್ಲಿ ಇಂಚಿಂಚು ಜರುಗಿಸಿದರೆ ಪ್ರತಿ ಸಲವೂ ಕ್ಲಚ್ ಸವೆಯುತ್ತದೆ. ಗೇರ್ ಬದಲಾಗುವ ಹೊತ್ತಿಗೆ ಕಾಲನ್ನು ಒಂದು ಚೂರು ಸಡಿಲ ಮಾಡಿದರೆ ಜರ್ಕ್ ಹೊಡೆಯುವುದಿಲ್ಲ. ಇದನ್ನು ಕಲಿಯಲು ನನಗೆ ಎರಡು ವಾರ ಬೇಕಾಯಿತು. ನನ್ನ ಗಾಡಿಯ ಕ್ಲಚ್ 1,26,000ದಲ್ಲಿ ಬದಲಾಯಿತು. ಫ್ಲೈವೀಲ್ ಸೇರಿ 2,600 ಯೂರೋ. ಅಷ್ಟು ಓಡಿದ ಮೇಲೆ ಅದು ನ್ಯಾಯವಾದ ಸವೆತ ಅಂತಲೇ ನಾನು ಅಂದುಕೊಂಡಿದ್ದೇನೆ.

ಈಗ ಎಣ್ಣೆ. ಈ ಎಂಜಿನ್‌ಗೆ ಹಾಕಬೇಕಾದದ್ದು 10ಡಬ್ಲ್ಯೂ-60 ಅನ್ನುವ ದಪ್ಪ ಎಣ್ಣೆ, ಒಂಬತ್ತು ಲೀಟರಿಗೂ ಮೇಲೆ. ಇದರ ದೊಡ್ಡ ಹೆದರಿಕೆ ಅಂದರೆ ಬಿಗ್ ಎಂಡ್ ಬೇರಿಂಗ್. ಪಿಸ್ಟನ್ನಿನ ರಾಡ್ ಬಂದು ಕ್ರ್ಯಾಂಕ್‌ಗೆ, ಅಂದರೆ ಎಂಜಿನ್ನಿನ ತಿರುಗುವ ದಂಡಕ್ಕೆ, ಸೇರುವ ಜಾಗದಲ್ಲಿ ಇರುವುದು ಇದು. ಈ ಎಂಜಿನ್ ಬಲ್ಲ ಮೆಕ್ಯಾನಿಕ್‌ಗಳೆಲ್ಲ ಮೊದಲು ಕೇಳುವುದು ಅದನ್ನೇ. ಸವೆದದ್ದು ಹೊರಗಿನಿಂದ ಗೊತ್ತಾಗುವುದಿಲ್ಲ. ಕೆಳಗಿನಿಂದ ಟಕ ಟಕ ಸದ್ದು ಬರುವ ಹೊತ್ತಿಗೆ ಕ್ರ್ಯಾಂಕ್ ಕೂಡ ಹಾಳಾಗಿರಬಹುದು. ಆಗ ಖರ್ಚು ಗಾಡಿಯ ಬೆಲೆಯ ಹತ್ತಿರಕ್ಕೇ ಹೋಗುತ್ತದೆ.

ಮಾರಿದವರು ಒಂದು ದಪ್ಪ ಫೈಲ್ ಕೊಟ್ಟಿದ್ದರು. ಸರ್ವಿಸ್ ಪುಸ್ತಕದಲ್ಲಿ ಎಲ್ಲ ಮುದ್ರೆಗಳೂ ಇದ್ದವು. ಅದನ್ನು ನೋಡಿ ಖುಷಿಯಾಗಿ ಸಹಿ ಹಾಕಿದೆ. ಮನೆಗೆ ಬಂದು ಬಿಲ್‌ಗಳನ್ನು ಒಂದೊಂದಾಗಿ ಓದಿದಾಗ 2014ರದ್ದೊಂದು ಸಿಕ್ಕಿತು. ಯಾವುದೋ ಒಂದು ಸಣ್ಣ ಗ್ಯಾರೇಜಿನದು. ಎಣ್ಣೆ: 5ಡಬ್ಲ್ಯೂ-30. ಮುಂದಿನ ಬಿಲ್ ಇದ್ದದ್ದು 19,000 ಕಿ.ಮೀ. ಆದಮೇಲೆ. ಅಷ್ಟೂ ದೂರ ಆ ತೆಳು ಎಣ್ಣೆಯಲ್ಲೇ ಓಡಿತ್ತು. ಇಲ್ಲಿ ಡೀಲರ್ ಹತ್ತಿರ ಕೊಂಡರೆ ಗಾಡಿಯ ದೋಷಕ್ಕೆ ಒಂದು ವರ್ಷವಾದರೂ ಅವರು ಹೊಣೆ ಇರುತ್ತಾರೆ. ಖಾಸಗಿಯಾಗಿ ಮಾರುವವರು ಆ ಹೊಣೆಯನ್ನು ಕರಾರಿನಲ್ಲೇ ಕೈಬಿಡಬಹುದು. ನನ್ನ ಕರಾರಿನಲ್ಲಿ ಬಿಟ್ಟಿದ್ದರು. ಮುದ್ರೆ ನೋಡಿದೆ, ಬಿಲ್ ಓದಲಿಲ್ಲ. ಮುಂದಿನ ಎರಡು ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಕೊನೆಗೆ ಕಾಯುವುದು ಬೇಡ ಅಂತ ಬೇರಿಂಗ್ ಬದಲಾಯಿಸಲು ಕೊಟ್ಟೆ. ಎಂಜಿನ್ ಇಳಿಸಬೇಕಿಲ್ಲ. ಮೇಲಿನಿಂದ ತೂಗುಹಾಕಿ, ಕೆಳಗಿನ ಫ್ರೇಮ್ ಇಳಿಸಿ, ಆಯಿಲ್ ಸಂಪ್ ಬಿಚ್ಚಿದರೆ ಕೈಗೆ ಸಿಗುತ್ತದೆ. ಮೂರು ದಿನದ ಕೆಲಸ, 2,900 ಯೂರೋ. ಬೋಲ್ಟ್‌ಗಳೂ ಹೊಸದೇ ಆಗಬೇಕು, ಹಳೆಯದನ್ನು ಮತ್ತೆ ಬಿಗಿಯುವ ಹಾಗಿಲ್ಲ. ಸಂಜೆ ಹೋದಾಗ ಮೆಕ್ಯಾನಿಕ್ ಬಿಳಿ ಬಟ್ಟೆಯ ಮೇಲೆ ಇಪ್ಪತ್ತು ಶೆಲ್‌ಗಳನ್ನು, ಅಂದರೆ ಹಳೆ ಬೇರಿಂಗ್‌ಗಳ ಅರ್ಧ ಬಳೆಯಂಥ ತುಂಡುಗಳನ್ನು, ಸಾಲಾಗಿ ಜೋಡಿಸಿಟ್ಟಿದ್ದರು. ಸಿಲಿಂಡರ್ ನಂಬರ್ ಪ್ರಕಾರ, ಮೇಲಿನದೊಂದು, ಕೆಳಗಿನದೊಂದು. ಚೆನ್ನಾಗಿರುವ ಶೆಲ್ ಬೂದು ಬಣ್ಣದಲ್ಲಿ ಒಂದೇ ಸಮ ಇರುತ್ತದೆ. ಆರು ಶೆಲ್‌ಗಳಲ್ಲಿ ಬೂದು ಪದರ ಹೋಗಿ ತಾಮ್ರ ಕಾಣುತ್ತಿತ್ತು. ನಾಲ್ಕನೇ ಸಿಲಿಂಡರಿನದಂತೂ ದೇವರ ಮನೆಯ ಪಂಚಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಕ್ರ್ಯಾಂಕ್ ಮಾತ್ರ ಬಚಾವ್. ಆ ಶೆಲ್‌ಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಇಟ್ಟುಕೊಂಡಿದ್ದೇನೆ.

ಓಡಿಸುವ ಖರ್ಚು ಬೇಗ ಹೇಳಿ ಮುಗಿಸುತ್ತೇನೆ. ಕಂಪನಿ ಹೇಳಿದ್ದು 100 ಕಿ.ಮೀ.ಗೆ 14.8 ಲೀಟರ್, ನನಗೆ ಸಿಗುತ್ತಿರುವುದು 15.6. ಟ್ಯಾಂಕ್ 70 ಲೀಟರ್. ಅಂದರೆ 400 ಕಿ.ಮೀ. ದಾಟುತ್ತಿದ್ದ ಹಾಗೆ ಬಂಕ್ ಹುಡುಕಬೇಕು, 98 ಆಕ್ಟೇನ್ ಪೆಟ್ರೋಲ್ ಬೇರೆ. 2009ರ ಜುಲೈಗೆ ಮೊದಲು ನೋಂದಣಿಯಾದ ಇಂಥ ಪೆಟ್ರೋಲ್ ಗಾಡಿಗೆ ಇಲ್ಲಿ ತೆರಿಗೆ ಎಂಜಿನ್ ಗಾತ್ರದ ಮೇಲೆ, 100 ಸಿಸಿಗೆ 6.75 ಯೂರೋ. ಪೂರ್ತಿ ವರ್ಷಕ್ಕೆ 337 ಯೂರೋ ಆಗುತ್ತದೆ. ನಾನು ಸೀಸನ್ ನಂಬರ್ ಪ್ಲೇಟ್ ಹಾಕಿಸಿದ್ದೇನೆ. ಪ್ಲೇಟಿನ ತುದಿಯಲ್ಲಿ 04, ಅದರ ಕೆಳಗೆ 10. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ರಸ್ತೆಗೆ ಇಳಿಯಬಹುದು, ಅಷ್ಟೇ ತಿಂಗಳಿಗೆ ತೆರಿಗೆ, ವಿಮೆ. ಉಳಿದ ತಿಂಗಳು ಬೀದಿಯಲ್ಲಿ ನಿಲ್ಲಿಸುವಂತಿಲ್ಲ, ಹಾಗಾಗಿ ಒಂದು ಗ್ಯಾರೇಜ್ ಜಾಗ ಬೇಕೇ ಬೇಕು. ಚಳಿಗಾಲದ ಉಪ್ಪಿನಿಂದ ಗಾಡಿ ಉಳಿಯುತ್ತದೆ, ಅದೇ ದೊಡ್ಡ ಲಾಭ. ಟೈರ್ ಹಿಂದೆ 285 ಅಗಲ, 19 ಇಂಚು. ಎರಡು ಸಲ ಬದಲಾಯಿಸಿದ್ದೇನೆ.

ದೂರದ ಪ್ರಯಾಣಕ್ಕೆ ಇದರಷ್ಟು ಒಳ್ಳೆ ಗಾಡಿಯಲ್ಲಿ ನಾನು ಕೂತಿಲ್ಲ. ಆಲ್ಪ್ಸ್‌ನ ಬ್ರೆನರ್ ಕಣಿವೆ ದಾಟಿ ಇಟಲಿಯ ಗಾರ್ಡಾ ಸರೋವರದವರೆಗೆ ಹೋಗಿ ಇಳಿದರೆ ಬೆನ್ನು ನೋಯುವುದಿಲ್ಲ. 450 ಲೀಟರ್ ಡಿಕ್ಕಿಯಲ್ಲಿ ಇಬ್ಬರ ಒಂದು ವಾರದ ಸಾಮಾನು ಆರಾಮಾಗಿ ಕೂರುತ್ತದೆ. ವೇಗ ಎದುರಿನ ಗಾಜಿನ ಮೇಲೇ ಕಾಣುತ್ತದೆ. ಹಿಂದಿನ ಸೀಟು ಮಾತ್ರ ಚಿಕ್ಕ ಮಕ್ಕಳಿಗೆ. ನಮ್ಮಮ್ಮ ಒಮ್ಮೆ ಹಿಂದೆ ಕೂತು ಹತ್ತು ನಿಮಿಷಕ್ಕೇ "ನನ್ನನ್ನ ಟ್ರೇನ್ ಹತ್ತಿಸಿಬಿಡೋ" ಅಂದರು. ಆವತ್ತಿನಿಂದ ಅವರು ಬಂದಾಗ ಮುಂದಿನ ಸೀಟು ಅವರದೇ.

ಊರಿಗೆ ತಗೊಂಡು ಹೋಗಬಹುದಾ ಅಂತಲೂ ಕೇಳುತ್ತಾರೆ. ಆಗುವುದಿಲ್ಲ. ಭಾರತಕ್ಕೆ ತರುವ ಹಳೆ ಕಾರು ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟೀರಿಂಗ್ ಬಲಕ್ಕೆ ಇರಬೇಕು. ಇದು ಎರಡಕ್ಕೂ ಹೊಂದುವುದಿಲ್ಲ.

ನೋಡಲು ಹೋಗುವವರಿಗೆ ನನ್ನ ಮಾತು ಇಷ್ಟು. ಮುಂಚೆಯೇ ಫೋನ್ ಮಾಡಿ, ಎಂಜಿನ್ ತಣ್ಣಗಿರಲಿ ಅಂತ ಹೇಳಿ. ಹೋದ ಮೇಲೆ ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಯಾಕೆ ಅಂತ ಕೇಳಿ. ಬಿಲ್‌ಗಳನ್ನು ಅಲ್ಲೇ ಕೂತು ಓದಿ, ಪ್ರತಿ ಬಿಲ್‌ನಲ್ಲೂ ಎಣ್ಣೆಯ ನಂಬರ್ ಮತ್ತು ಕಿಲೋಮೀಟರ್ ನೋಡಿ. ಬೇರಿಂಗ್ ಬದಲಾಯಿಸಿ ಆಗಿದೆ ಅಂದರೆ ಬಿಲ್ ಕೇಳಿ, ಫೋಟೋ ಕೇಳಿ. ಬೇರಿಂಗ್ ಬದಲಾಗಿರುವ ಗಾಡಿಗೆ 3,000 ಯೂರೋ ಜಾಸ್ತಿ ಕೇಳಿದರೂ ಕೊಡಿ. ಬಣ್ಣ, ಚರ್ಮದ ಸೀಟು, ಗೀರು ಇವೆಲ್ಲ ಆಮೇಲೆ.

2022ರಲ್ಲಿ ಅಪ್ಪ ಬಂದಿದ್ದರು. ಹಾಸನದಲ್ಲಿ ಇಪ್ಪತ್ತೆರಡು ವರ್ಷ ಲಾರಿ ಓಡಿಸಿದವರು. ಬೆಳಿಗ್ಗೆ ಎಣ್ಣೆಯ ಮಟ್ಟ ನೋಡುವ ಡಿಪ್‌ಸ್ಟಿಕ್ ಎಳೆದು, ಹಳೆ ಬನಿಯನ್ ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ನೋಡದೆ ಅವರು ಗಾಡಿ ತೆಗೆದದ್ದೇ ಇಲ್ಲ. ನನ್ನ ಗಾಡಿಯ ಬಾನೆಟ್ ಎತ್ತಿಸಿ ಹುಡುಕಿದರು. ಇದರಲ್ಲಿ ಡಿಪ್‌ಸ್ಟಿಕ್ ಇಲ್ಲ, ಮಟ್ಟವನ್ನು ಒಳಗೆ ಪರದೆಯಲ್ಲಿ ನೋಡಬೇಕು ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ. ಶೆಲ್‌ಗಳ ಡಬ್ಬಿ ತಂದು ಕೊಟ್ಟೆ. ನಾಲ್ಕನೇ ಸಿಲಿಂಡರಿನದನ್ನು ಕಿಟಕಿಯ ಬೆಳಕಿಗೆ ಹಿಡಿದು, ಹೆಬ್ಬೆರಳ ಉಗುರಿನಿಂದ ಮೆಲ್ಲಗೆ ಗೀರಿ ನೋಡಿದರು. "ಎಣ್ಣೆ ತೆಳು ಅನ್ನೋದು ಒಂದು. ಬಿಸಿಯಾಗೋ ಮುಂಚೆನೇ ಎಳೆದಿದಾರೆ ಕಣೋ, ಅದೂ ಇದೆ" ಅಂದರು.

ಆಮೇಲೆ ಅವರನ್ನು ಕೂರಿಸಿಕೊಂಡು ಹೊರಟೆ. ಈ ಗಾಡಿಯ ಆರ್‌ಪಿಎಂ ಮೀಟರ್ ಸುತ್ತ ಪುಟ್ಟ ದೀಪಗಳ ಸಾಲು ಇದೆ. ಎಂಜಿನ್ ತಣ್ಣಗಿದ್ದಾಗ ಕೆಂಪು ಗೆರೆ ಕೆಳಗಿನಿಂದಲೇ ಶುರುವಾದಂತೆ ಅವು ಉರಿಯುತ್ತವೆ. ಎಣ್ಣೆ ಬಿಸಿಯಾದಂತೆ ಒಂದೊಂದಾಗಿ ಆರುತ್ತವೆ. ಅಪ್ಪ ರಸ್ತೆ ನೋಡಲಿಲ್ಲ, ಆ ದೀಪಗಳನ್ನೇ ನೋಡುತ್ತಾ ಕೂತರು. ಹೆದ್ದಾರಿಗೆ ಸೇರುವ ತಿರುವಿನಲ್ಲಿ ಇನ್ನೂ ಎರಡು ಉರಿಯುತ್ತಿದ್ದವು. ನಾನು ಲಾರಿಗಳ ಹಿಂದೆ 90ರಲ್ಲೇ ಹೋದೆ. ಕೊನೆಯದೂ ಆರಿತು. ಅಪ್ಪ ಸೀಟಿಗೆ ಒರಗಿಕೊಂಡು "ಹೂಂ, ಈಗ ಬಿಡು" ಅಂದರು.