ಮನೆದೇವರ ಹೆಸರೋ, ನಕ್ಷತ್ರದ ಅಕ್ಷರವೋ?

ನಾಮಕರಣಕ್ಕೆ ಸಿದ್ಧರಾಗುತ್ತಿರುವ ಹಾಸನದ ದಂಪತಿಯೊಬ್ಬರು, ಮಗುವಿಗೆ ಮನೆದೇವರ ಅಥವಾ ಹಿರಿಯರ ಹೆಸರಿಡುವುದೋ, ಜನ್ಮನಕ್ಷತ್ರದ ಅಕ್ಷರಕ್ಕೆ ಹೊಂದುವ ಹೆಸರನ್ನು ಹುಡುಕುವುದೋ ಎಂದು ಕೇಳಿದ್ದಾರೆ.

ಆಯ್ಕೆಯ ಸುಲಭತೆಯಲ್ಲಿ ಮೊದಲನೆಯದೇ ಮೇಲು. ಬೇಲೂರು ಚೆನ್ನಕೇಶವನ ಒಕ್ಕಲಿನವರಿಗೆ ಕೇಶವನೆಂಬ ಹೆಸರು ಸಿದ್ಧವಾಗಿಯೇ ಇರುತ್ತದೆ. ಆದರೆ ದಾಯಾದಿಗಳಲ್ಲಿ ಅದೇ ಹೆಸರಿನವರು ಹಲವರಿದ್ದರೆ ಗೊಂದಲ ತಪ್ಪದು.

ನಕ್ಷತ್ರದ ದಾರಿ ಎಲ್ಲರಿಗೂ ಒಂದೇ ರೀತಿ ತೆರೆದಿರುವುದಿಲ್ಲ. ರೋಹಿಣಿ ನಕ್ಷತ್ರದ ನಾಲ್ಕು ಪಾದಗಳಿಗೆ, ಅಂದರೆ ನಾಲ್ಕು ಭಾಗಗಳಿಗೆ, ಓ, ವಾ, ವೀ, ವೂ ಎಂಬ ಅಕ್ಷರಗಳಿರುವುದರಿಂದ ವಾಣಿ, ವೀಣಾ ಮುಂತಾದ ಇಂಪಾದ ಹೆಸರುಗಳು ದೊರೆಯುತ್ತವೆ. ಆರ್ದ್ರೆಯ ಕು, ಘ, ಙ, ಛ ಅಕ್ಷರಗಳಲ್ಲಿ ಮೂರನೆಯ ಪಾದದ ಙಕಾರದಿಂದ ಕರೆಯುವ ಹೆಸರನ್ನು ಕಟ್ಟುವುದೇ ಅಸಾಧ್ಯ. ಅಂಥ ಸಂದರ್ಭದಲ್ಲಿ ನಕ್ಷತ್ರನಾಮವನ್ನು ಕಿವಿಯಲ್ಲಿ ಉಸುರಿ, ವ್ಯವಹಾರಕ್ಕೆ ಬೇರೆ ಹೆಸರಿಡುವ ಪದ್ಧತಿ ಇದ್ದೇ ಇದೆ; ನನಗೆ ಅದು ಬಹಳ ವಿವೇಕದ ಏರ್ಪಾಡೆನಿಸುತ್ತದೆ.

ದಾಖಲೆಯ ದೃಷ್ಟಿಯಿಂದ ಎರಡೂ ಸಮ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ, ಹೆಸರಿಲ್ಲದೆ ನೋಂದಣಿಯಾದ ಮಗುವಿನ ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದಾದ್ದರಿಂದ ಅವಸರ ಬೇಡ. ಊರು, ತಂದೆಯ ಹೆಸರುಗಳ ಇನಿಷಿಯಲ್‌ಗಳನ್ನು ಮಾತ್ರ ಎಲ್ಲ ದಾಖಲೆಗಳಲ್ಲೂ ಒಂದೇ ಬಗೆಯಲ್ಲಿ ಬರೆಸಿರಿ.

ಅಜ್ಜ-ಅಜ್ಜಿಯರ ಆಸೆ ಬಲವಾಗಿದ್ದರೆ ಮನೆದೇವರ ಹೆಸರು ಒಪ್ಪುತ್ತದೆ. ಜಾತಕದಲ್ಲಿ ನಂಬಿಕೆಯಿದ್ದು ಅಕ್ಷರವೂ ಅನುಕೂಲವಾಗಿದ್ದರೆ ನಕ್ಷತ್ರದ ಹೆಸರನ್ನೇ ಇಡಬಹುದು.