ಗ್ಲೆನ್‌ಕೋ ದಾರಿಯೋ, ಕೆರ್ನ್‌ವೆಲ್ ದಾರಿಯೋ: ಒಂದೇ ದಿನದಲ್ಲಿ ಹೈಲ್ಯಾಂಡ್ಸ್

ಎಡಿನ್‌ಬರೋದಿಂದ ಬೆಳಿಗ್ಗೆ ಹೊರಟು ರಾತ್ರಿಯೊಳಗೆ ಸ್ಕಾಟ್ಲೆಂಡಿನ ಬೆಟ್ಟನಾಡಾದ ಹೈಲ್ಯಾಂಡ್ಸ್ ನೋಡಿ ಬರೋಣ, ಕಾರು ಒಂದು, ಜನ ನಾಲ್ವರು ಎಂದರೆ ಸಾಕು, ನಮ್ಮ ಗೆಳೆಯರಲ್ಲಿ ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ. ಒಂದು ಪಕ್ಷಕ್ಕೆ ಪಶ್ಚಿಮದ ಗ್ಲೆನ್‌ಕೋ ಬಿಟ್ಟರೆ ಬೇರೆ ಹೈಲ್ಯಾಂಡ್ಸ್ ಇಲ್ಲ. ಇನ್ನೊಂದು ಪಕ್ಷದ್ದು ಪೂರ್ವದ ಬೆಟ್ಟಗಳ ಮೇಲೆ ಕೆರ್ನ್‌ವೆಲ್ ದಾಟಿ ಹೋಗುವ ಎ93 ರಸ್ತೆ. ಎರಡೂ ಕಡೆ ಹೋಗಿ ಬರುವ ದೂರ ಹೆಚ್ಚುಕಡಿಮೆ ಒಂದೇ, ಸುಮಾರು 300 ಮೈಲಿ. ಹಾಗಾಗಿ ಪೆಟ್ರೋಲ್ ಲೆಕ್ಕ ಹಾಕಿ ಜಗಳ ಬಗೆಹರಿಸುವಂತಿಲ್ಲ. ಎರಡೂ ದಾರಿಗಳಲ್ಲಿ ಹೆಚ್ಚಾಗಿ ಸ್ಟೀರಿಂಗ್ ಹಿಡಿದವನು ನಾನೇ ಆದ್ದರಿಂದ ನನ್ನ ತೀರ್ಪಿನಲ್ಲಿ ಚಾಲಕನ ಪಕ್ಷಪಾತವಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಪ್ರವಾಸದ ಬರಹಗಳಲ್ಲಿ ಕಿಟಕಿ ಪಕ್ಕ ಕುಳಿತವರ ಮಾತೇ ಹೆಚ್ಚು. ರಸ್ತೆ ನೋಡುತ್ತಾ ಕುಳಿತವನಿಗೆ ಆ ದಿನ ಏನು ದಕ್ಕಿತು ಎಂದು ಯಾರೂ ಕೇಳುವುದಿಲ್ಲ.

ಮೊದಲು ಪಶ್ಚಿಮ. ಸ್ಟರ್ಲಿಂಗ್, ಕ್ಯಾಲಂಡರ್, ಕ್ರಿಯನ್‌ಲಾರಿಕ್ ದಾಟಿ ಎ82 ಸೇರಿಕೊಂಡರೆ ಟೈನ್‌ಡ್ರಮ್‌ನಲ್ಲಿ ಕಾಫಿಗೆ ನಿಲ್ಲುವುದು ವಾಡಿಕೆ. ಅಲ್ಲಿಂದ ಮುಂದೆ ರಾನಕ್ ಮೂರ್ ಎಂಬ ಜೌಗು ಬಯಲು ತೆರೆದುಕೊಳ್ಳುತ್ತದೆ. ಕಪ್ಪು ನೀರಿನ ಹೊಂಡಗಳು, ಹಿಮನದಿಗಳು ಬಿಟ್ಟುಹೋದ ಬಂಡೆಗಳು, ಕಣ್ಣು ಹಾಯಿಸಿದಷ್ಟೂ ಕಂದು ಹುಲ್ಲು. ಚಾರ್ಮಾಡಿ ಘಾಟಿಯಲ್ಲಿ ಕಾಡು ಎರಡೂ ಕಡೆಯಿಂದ ಬಾಗಿ ಬೆಟ್ಟವನ್ನೇ ಮುಚ್ಚಿಬಿಡುತ್ತದೆ. ಇಲ್ಲಿ ಮರಗಳೇ ಇಲ್ಲದ ಕಾರಣ ಬೆಟ್ಟ ಬುಡದಿಂದ ತುದಿಯವರೆಗೆ ಬೆತ್ತಲಾಗಿ ನಿಂತಿರುತ್ತದೆ. ಇದು ಪ್ರಕೃತಿಯೊಂದೇ ಮಾಡಿದ ಕೆಲಸವಲ್ಲ. ಶತಮಾನಗಳ ಕಾಲ ಮರ ಕಡಿದದ್ದು, ಆಮೇಲೆ ಚಿಗುರಿದ್ದನ್ನೆಲ್ಲ ಕುರಿ ಮತ್ತು ಜಿಂಕೆಗಳು ಮೇಯ್ದದ್ದು ಸೇರಿ ಆದದ್ದು. ಬಯಲು ಮುಗಿಯುವಲ್ಲಿ 1,000 ಮೀಟರಿಗೂ ಎತ್ತರದ ಬುಆಖಲ್ ಎಟಿವ್ ಮೋರ್ ಕೋನಾಕಾರದಲ್ಲಿ ಎದುರಾದಾಗ ಕಾರಿನಲ್ಲಿ ಮಾತು ನಿಲ್ಲುತ್ತದೆ. ಹಿಂದಿನ ಸೀಟಿನಲ್ಲಿ ನಿದ್ದೆ ಹೋದವರನ್ನು ಎಬ್ಬಿಸಬೇಕಾದ ಜಾಗ ಇದೇ.

ಅಲ್ಲಿಂದ ಗ್ಲೆನ್‌ಕೋ ಕಣಿವೆಗೆ ಇಳಿತ. ಸುಮಾರು 42 ಕೋಟಿ ವರ್ಷಗಳ ಹಿಂದೆ ಕುಸಿದು ಬಿದ್ದ ಜ್ವಾಲಾಮುಖಿಯೊಂದರ ಅವಶೇಷ ಇದು. 1692ರ ಫೆಬ್ರವರಿ 13ರಂದು ಇಲ್ಲಿನ ಮ್ಯಾಕ್‌ಡೊನಾಲ್ಡ್ ಕುಲದವರ ಹತ್ಯಾಕಾಂಡ ನಡೆಯಿತು. ಸುಮಾರು ಎರಡು ವಾರ ಅವರ ಮನೆಗಳಲ್ಲೇ ಉಂಡು ಮಲಗಿದ್ದ ಸೈನಿಕರು ಬೆಳಗಾಗುವ ಮುನ್ನ ಎದ್ದು, ಅನ್ನ ಹಾಕಿದ ಮನೆಯವರನ್ನೇ ಕೊಂದರು. ರಾಜನಿಗೆ ನಿಷ್ಠೆಯ ಪ್ರಮಾಣ ಸಲ್ಲಿಸುವುದು ಕೆಲವು ದಿನ ತಡವಾಯಿತು ಎಂಬುದು ನೆಪ. ಉಂಡ ಮನೆಗೆ ಎರಡು ಬಗೆಯುವುದು ಎಂದರೇನೆಂದು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಮಂಜು ಇಳಿದ ದಿನ ಈ ಕತೆ ಕೇಳಿಕೊಂಡು ಆ ಕಣಿವೆ ದಾಟಿದವರು ಅದನ್ನು ಬೇಗ ಮರೆಯುವುದಿಲ್ಲ.

ಇಷ್ಟೆಲ್ಲ ಸರಿ. ಆದರೆ ನಿಲ್ಲುವುದೆಲ್ಲಿ? ತ್ರೀ ಸಿಸ್ಟರ್ಸ್ ಎಂಬ ಮೂರು ಬೆಟ್ಟಗಳ ಎದುರಿನ ನಿಲುಗಡೆ ಜಾಗಗಳು ಚಿಕ್ಕವು. ಬೇಸಿಗೆಯ ಶನಿವಾರ ಹನ್ನೊಂದು ಗಂಟೆಗೆಲ್ಲ ಅವು ಪ್ರವಾಸಿ ಬಸ್ಸುಗಳಿಂದ, ಕ್ಯಾಂಪರ್‌ವ್ಯಾನ್‌ಗಳಿಂದ ತುಂಬಿಹೋಗಿರುತ್ತವೆ. ಹಿಂದೆ ವಾಹನಗಳ ಸಾಲು, ಮುಂದೆ ಲಾರಿ, ಪಕ್ಕದಲ್ಲಿ "ಅಲ್ಲಿ ನೋಡು, ಅಲ್ಲಿ ನೋಡು" ಎನ್ನುವ ಗೆಳೆಯ. ನಾನು ನೋಡಿದ್ದು ಲಾರಿಯ ನಂಬರ್ ಪ್ಲೇಟನ್ನು. ಫೋರ್ಟ್ ವಿಲಿಯಂ ದಾಟಿ ಗ್ಲೆನ್‌ಫಿನನ್‌ವರೆಗೆ ಹೋದರೂ ಇದೇ ಪಾಡು. ಅಲ್ಲಿರುವ ರೈಲು ಸೇತುವೆ ನಿಜಕ್ಕೂ ನೋಡುವಂಥದ್ದು. 21 ಕಮಾನುಗಳು, ಪೂರ್ತಿ ಕಾಂಕ್ರೀಟ್, 1901ರಲ್ಲಿ ತೆರೆದ ಮಾರ್ಗ. ಆದರೆ ಸಿನಿಮಾದಿಂದ ಹೆಸರಾದ ಉಗಿಬಂಡಿ ಅದರ ಮೇಲೆ ಹಾಯುವ ಹೊತ್ತಿಗೆ ಗುಡ್ಡದ ಮೇಲೆ ಜಾತ್ರೆ ಸೇರಿರುತ್ತದೆ. ಗೆಳೆಯರನ್ನು ಇಳಿಸಿ ನಿಲುಗಡೆ ಹುಡುಕುತ್ತಾ ಸುತ್ತುವವನಿಗೆ ರೈಲಿನ ಸದ್ದು ಮಾತ್ರ ಕೇಳಿಸುತ್ತದೆ.

ಮರಳುವಾಗ ಲಾಕ್ ಲೋಮಂಡ್ ಸರೋವರದ ದಂಡೆ. ಇನ್ವರಾರ್ನನ್‌ನಿಂದ ಟಾರ್ಬೆಟ್‌ವರೆಗೆ ರಸ್ತೆ ಎಷ್ಟು ಕಿರಿದು ಎಂದರೆ ಎದುರಿನಿಂದ ಬಸ್ ಬಂದಾಗ ಉಸಿರು ಬಿಗಿಹಿಡಿಯಬೇಕು. ಒಂದು ಕಡೆ ಬಂಡೆ, ನಮ್ಮ ಎಡಕ್ಕೆ ನೀರು. ಇಲ್ಲಿಯೂ ನಮ್ಮೂರಿನಂತೆ ಚಾಲಕನ ಸೀಟು ಬಲಕ್ಕೇ ಇರುವುದರಿಂದ ಸರೋವರದ ಅಂದವೆಲ್ಲ ಎಡಗಡೆ ಕುಳಿತವರ ಪಾಲು.

ಇನ್ನು ಪೂರ್ವದ ದಾರಿ. ಕ್ವೀನ್ಸ್‌ಫೆರಿ ಸೇತುವೆ ದಾಟಿ ಪರ್ತ್‌ವರೆಗೆ ಹೆದ್ದಾರಿ, ಅಲ್ಲಿಂದ ಎ93. ಬ್ಲೇರ್‌ಗೌರಿಗೆ ಮುಂಚೆಯೇ ಮೀಕಲ್ಅವರ್ ಬಳಿ ರಸ್ತೆಗೆ ಅಂಟಿಕೊಂಡು ಬೀಚ್ ಮರಗಳ ಬೇಲಿಯೊಂದಿದೆ. ಬೇಲಿ ಎಂದರೆ ಸೊಂಟದೆತ್ತರದ್ದಲ್ಲ, ಸುಮಾರು 30 ಮೀಟರ್ ಎತ್ತರ, ಅರ್ಧ ಕಿಲೋಮೀಟರ್ ಉದ್ದ. 1745ರಲ್ಲಿ ನೆಟ್ಟದ್ದು, ನೆಟ್ಟವರು ಮರುವರ್ಷ ಕಲ್ಲೋಡೆನ್ ಯುದ್ಧದಲ್ಲಿ ಸತ್ತರು, ಅವರ ನೆನಪಿಗೆ ಅದನ್ನು ಆಕಾಶದತ್ತ ಬೆಳೆಯಲು ಬಿಟ್ಟರು ಎಂಬುದು ಐತಿಹ್ಯ. ಅದೇ 1745ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಸಿಂಹಾಸನ ತನ್ನ ವಂಶಕ್ಕೇ ಸೇರಬೇಕೆಂದು ಚಾರ್ಲ್ಸ್ ಸ್ಟುವರ್ಟ್ ಬಂಡಾಯದ ಬಾವುಟ ಏರಿಸಿದ್ದು ಗ್ಲೆನ್‌ಫಿನನ್‌ನಲ್ಲಿ, ಆ ಬಂಡಾಯ ಸೋತು ಮುಗಿದದ್ದು ಕಲ್ಲೋಡೆನ್‌ನಲ್ಲಿ. ಎರಡೂ ದಾರಿ ಸುತ್ತಿದವರಿಗೆ ಒಂದೇ ಕತೆಯ ಎರಡು ತುದಿ ಸಿಕ್ಕಂತಾಗುತ್ತದೆ.

ಬ್ಲೇರ್‌ಗೌರಿಯಿಂದ ಗ್ರ್ಯಾಂಟೌನ್‌ವರೆಗಿನ 90 ಮೈಲಿಗೆ ಸ್ನೋ ರೋಡ್ಸ್ ಎಂದು ಹೆಸರಿಟ್ಟಿದ್ದಾರೆ. ಗ್ಲೆನ್‌ಶೀ ಕಣಿವೆಯಲ್ಲಿ ಏರುತ್ತಾ ಹೋದರೆ ಕೆರ್ನ್‌ವೆಲ್ ಕಣಿವೆಮಾರ್ಗ ಸಿಗುತ್ತದೆ. 670 ಮೀಟರ್ ಎತ್ತರದ ಇದು ಬ್ರಿಟನ್ನಿನ ಮುಖ್ಯರಸ್ತೆಗಳಲ್ಲೇ ಅತಿ ಎತ್ತರದ್ದು. ನಮ್ಮ ಪಶ್ಚಿಮ ಘಟ್ಟ ಹತ್ತಿದವರಿಗೆ ಅಂಕಿ ದೊಡ್ಡದೆನಿಸದು. ನನಗೆ ಮುಖ್ಯವಾದದ್ದು ಬೇರೆ: ರಸ್ತೆ ನೇರ, ಎರಡು ವಾಹನಕ್ಕೆ ಅಗಲ, ಮೈಲಿ ದೂರದವರೆಗೆ ಮುಂದಿನದೆಲ್ಲ ಕಾಣಿಸುತ್ತದೆ. ಹಿಂದೆ ಕಾರುಗಳನ್ನು ಸತಾಯಿಸುತ್ತಿದ್ದ ಡೆವಿಲ್ಸ್ ಎಲ್ಬೋ ಎಂಬ ಜೋಡಿ ತಿರುವನ್ನು ಬಿಟ್ಟು ಹೊಸ ರಸ್ತೆ ಹಾಕಿದ್ದಾರೆ; ಹಳೆಯದು ಪಕ್ಕದ ಇಳಿಜಾರಿನಲ್ಲಿ ಈಗಲೂ ಇದೆ. ತುದಿಯಲ್ಲಿ ಸ್ಕೀ ಕೇಂದ್ರದ ವಿಶಾಲವಾದ ನಿಲುಗಡೆ ಜಾಗ ಬೇಸಿಗೆಯಲ್ಲಿ ಬಹುಮಟ್ಟಿಗೆ ಖಾಲಿ. ಎಂಜಿನ್ ಆರಿಸಿ ಚಾಲಕನೂ ಕೆಳಗಿಳಿಯಬಹುದು!

ಊಟದ ವಿಷಯವೂ ಇಲ್ಲೇ ತೀರ್ಮಾನವಾಗಲಿ. ಜುಲೈನಲ್ಲಿ ಗ್ಲೆನ್‌ಕೋದಲ್ಲಿ ಪುಳಿಯೋಗರೆಯ ಡಬ್ಬಿ ತೆರೆದರೆ ಮಿಜ್ ಎಂಬ ಸಾಸಿವೆಗಿಂತ ಸಣ್ಣ ಕಚ್ಚುವ ನೊಣಗಳು ಮೋಡದಂತೆ ಕವಿಯುತ್ತವೆ. ಕಿವಿ, ಕಣ್ಣಿನ ರೆಪ್ಪೆ, ಚಮಚ ಹಿಡಿದ ಬೆರಳ ಸಂದು, ಯಾವುದನ್ನೂ ಬಿಡುವುದಿಲ್ಲ. ನಾಲ್ವರೂ ಓಡಿ ಬಂದು ಗಾಜು ಏರಿಸಿಕೊಂಡು ಕಾರಿನೊಳಗೇ ಊಟ ಮುಗಿಸಿದ್ದೇವೆ. ಗಾಳಿ ಬೀಸಿದರೆ ಮಿಜ್ ಹಾರಲಾರದು, ಮತ್ತು ಕೆರ್ನ್‌ವೆಲ್ ಮೇಲೆ ಗಾಳಿಗೆ ಬರವಿಲ್ಲ. ಅನ್ನ ತಣ್ಣಗಾಗುತ್ತದೆ ಎಂಬುದೊಂದೇ ತಕರಾರು. ಬ್ರೇಮಾರ್‌ಗೆ ಇಳಿದರೆ ಬಿಸಿ ಸೂಪ್ ಸಿಗುತ್ತದೆ; ಸ್ಕಾಟ್ಲೆಂಡಿನ ಬೇಳೆ ಸೂಪ್ ಸಸ್ಯಾಹಾರಿಗಳಿಗೆ ದೊಡ್ಡ ಆಸರೆ. ಮಾಂಸದ ಸಾರಿನಲ್ಲಿ ಕುದಿಸಿದ್ದೇ ಎಂದು ಒಂದು ಮಾತು ಕೇಳಿಕೊಳ್ಳಬೇಕು, ಅಷ್ಟೇ.

ಬಾಲ್ಮೋರಲ್ ಅರಮನೆಯನ್ನು ನಾವು ಹೊರಗಿನಿಂದಲೇ ದಾಟುತ್ತೇವೆ. ಅಲ್ಲಿಂದ ಎಡಕ್ಕೆ ತಿರುಗಿ ಹೀದರ್ ಪೊದೆಗಳ ನಡುವೆ ಸಾಗಿದರೆ ಕೋರ್ಗಾಫ್ ಕೋಟೆ. ಬೋಳುಗುಡ್ಡದ ಮಡಿಲಲ್ಲಿ ಸುಣ್ಣ ಬಳಿದ ಒಂಟಿ ಗೋಪುರ, ಸುತ್ತ ನಕ್ಷತ್ರಾಕಾರದ ಗೋಡೆ. ಆಗಸ್ಟ್ ತಿಂಗಳಲ್ಲಿ ಬಂದರೆ ಹೀದರ್ ಹೂ ಬಿಟ್ಟು ಬೆಟ್ಟಗಳೆಲ್ಲ ನೇರಳೆ ಬಣ್ಣ. ಮುಂದೆ ಲೆಖ್ಟ್ ಏರಿನಲ್ಲಿ ಮಾತ್ರ ಎರಡನೆಯ ಗೇರ್ ಬೇಕು. ಏರು ಇಳಿದಲ್ಲಿ ದಾರಿಬದಿಯ ಕಲ್ಲೊಂದರ ಮೇಲೆ 1754ರಲ್ಲಿ ಸೈನಿಕರು ಈ ರಸ್ತೆ ಮಾಡಿದರು ಎಂದು ಕೆತ್ತಿದೆ. ಬಂಡಾಯ ಅಡಗಿಸಿದ ಮೇಲೆ ಸರಕಾರ ಹೈಲ್ಯಾಂಡ್ಸ್‌ಗೆ ಕೊಟ್ಟ ರಸ್ತೆಗಳಲ್ಲಿ ಇದೂ ಒಂದು. ಟಾಮಿನ್‌ಟವಲ್, ಗ್ರ್ಯಾಂಟೌನ್ ಮುಗಿಸಿ ಎ9 ಹಿಡಿದರೆ ಮನೆಯ ದಾರಿ. ಎ9 ಬೇಸರದ ರಸ್ತೆ, ಉದ್ದಕ್ಕೂ ಸರಾಸರಿ ವೇಗ ಅಳೆಯುವ ಕ್ಯಾಮೆರಾಗಳು. ಪೂರ್ವದ ದಾರಿಗೆ ನಾನು ಅಂಕ ಕಳೆಯುವುದು ಇಲ್ಲೇ. ಗ್ಲೆನ್‌ಕೋದ ಮುಂದೆ ನಿಲ್ಲುವಂಥ ಒಂದೇ ಒಂದು ನೋಟ ಈ ದಾರಿಯಲ್ಲಿ ಇಲ್ಲ ಎಂಬುದನ್ನೂ ಒಪ್ಪಬೇಕು.

ಮೂರನೆಯ ಪಕ್ಷವೂ ಒಂದಿದೆ: ದೂರದ ವಾಯವ್ಯ ಕರಾವಳಿಯ ಆಪಲ್‌ಕ್ರಾಸ್. 626 ಮೀಟರ್ ಎತ್ತರದ ಬ್ಯಾಲಖ್ ನ ಬಾ ಕಣಿವೆಮಾರ್ಗ ದಾಟಿ, ಶೀಲ್ಡೇಗ್, ಟಾರಿಡನ್ ಸುತ್ತಿ ಬರುವುದು. ಒಂದೇ ವಾಹನದ ಅಗಲದ ರಸ್ತೆ, ಹೇರ್‌ಪಿನ್ ತಿರುವುಗಳು, ಹೊಸ ಚಾಲಕರು ಬರಬೇಡಿ ಎಂಬ ಫಲಕ ಬುಡದಲ್ಲೇ. ಎದುರಿನ ಕಾರಿಗೆ ಎಡೆಮಾಡಿ ನಿಂತರೆ ಅವರು ಸ್ಟೀರಿಂಗ್‌ನಿಂದ ಒಂದು ಬೆರಳೆತ್ತಿ ವಂದಿಸುತ್ತಾರೆ, ನಾವೂ ಎತ್ತಬೇಕು. ಮೂರರಲ್ಲಿ ಅತಿ ಚೆಂದದ್ದು ಇದೇ ಇರಬಹುದು. ಆದರೆ ಹಿಂದಿನ ರಾತ್ರಿ ಇನ್ವರ್ನೆಸ್‌ನಲ್ಲಿ ಮಲಗಿ ಹೊರಡುವವರಿಗೆ ಮಾತ್ರ ಇದು ಒಂದು ದಿನದ ಮಾತು. ಎಡಿನ್‌ಬರೋದಿಂದ ಒಂದೇ ದಿನಕ್ಕೆ ಹೋಗಿ ಬರುತ್ತೇವೆ ಎನ್ನುವವರ ಜೊತೆ ನಾನು ಹೋಗುವುದಿಲ್ಲ.

ಆದ್ದರಿಂದ ಊರಿನಿಂದ ಅಪ್ಪ ಅಮ್ಮ ಬಂದಿದ್ದರೆ, ಅದೂ ಒಂದೇ ಸಲ ನೋಡಿ ಹೋಗುವವರಾದರೆ, ಗ್ಲೆನ್‌ಕೋ. ಏಳು ಗಂಟೆಗೆ ಮುಂಚೆ ಮನೆ ಬಿಡಿ, ಗ್ಲೆನ್‌ಫಿನನ್ ಕೈಬಿಡಿ. ಗೆಳೆಯರು ಹರಟುತ್ತಾ ಹೋಗುವ ದಿನವಾದರೆ ಎ93. ದಾರಿಯಲ್ಲಿ ವಿಸ್ಕಿ ಭಟ್ಟಿಗೆ ಹೋಗುವ ಆಸೆಯಿದ್ದರೆ ಒಂದು ಎಚ್ಚರ: 2014ರಿಂದ ಸ್ಕಾಟ್ಲೆಂಡಿನಲ್ಲಿ ಚಾಲಕರ ರಕ್ತದಲ್ಲಿ ಮದ್ಯದ ಮಿತಿ 100 ಮಿಲಿಲೀಟರಿಗೆ 50 ಮಿಲಿಗ್ರಾಂ, ಇಂಗ್ಲೆಂಡಿನ 80ಕ್ಕಿಂತ ಬಿಗಿ. ಚಾಲಕನ ಪಾಲನ್ನು ಪುಟ್ಟ ಸೀಸೆಯಲ್ಲಿ ಹಾಕಿಕೊಡುವ ಭಟ್ಟಿಗಳಿವೆ, ಕೇಳಿ ಪಡೆಯಿರಿ. ಡಿಸೆಂಬರ್‌ನಲ್ಲಾದರೆ ನನ್ನ ಮತವೂ ಪಶ್ಚಿಮಕ್ಕೇ. ಆಗ ಹಗಲು ಏಳು ಗಂಟೆ ಮಾತ್ರ, ಹಿಮ ಬಿದ್ದ ದಿನ ಕೆರ್ನ್‌ವೆಲ್ ಮತ್ತು ಲೆಖ್ಟ್ ಎರಡರ ಗೇಟುಗಳನ್ನೂ ಮುಚ್ಚಿಬಿಡುತ್ತಾರೆ.